ನಮಗೆ ಬೇಕಾದ ಇಂಗ್ಲಿಷು



ಇಂಗ್ಲಿಷು ಕಲಿಯಬೇಕೆಂಬ ಆಸೆ ನಮ್ಮವರಿಗೆ ಹೊಸದಲ್ಲ. ಹಗಲೆಲ್ಲ ಟೇಬಲು ಒರೆಸಿ, ಕಪ್ಪು ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಎ ಬಿ ಸಿ ಡಿ ತಿದ್ದಿದ ಹುಡುಗರಿಂದಲೇ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಬೆಳೆದವು. ಆ ಆಸೆಗೆ ನನ್ನ ಆಕ್ಷೇಪವಿಲ್ಲ. ನಾವು ಕಲಿಯುತ್ತಿರುವ ಇಂಗ್ಲಿಷು ಯಾವುದು ಎಂಬುದರ ಬಗ್ಗೆ ಮಾತ್ರ ತಕರಾರಿದೆ.

ನಮ್ಮ ಹುಡುಗರ ಪೆಟ್ಟಿಗೆಗಳಲ್ಲಿ ಮೂವತ್ತು ದಿನಗಳಲ್ಲಿ ಇಂಗ್ಲಿಷು ಕಲಿಸುವ ಪುಸ್ತಕಗಳಿರುತ್ತವೆ. ಈಗ ಮೊಬೈಲಿನಲ್ಲಿಯೂ ಅದೇ ಪಾಠ. ಜೋರು ಮಳೆ ಬಂದರೆ ‘ನಾಯಿ ಬೆಕ್ಕು ಸುರಿಯುತ್ತಿವೆ’ ಎನ್ನಬೇಕೆಂದು ಅವುಗಳಲ್ಲಿ ಬರೆದಿದೆ. ನಾನು ಹನ್ನೊಂದು ವರ್ಷ ಗಿರಾಕಿಗಳಿಗೆ ತಿಂಡಿ ಕೊಟ್ಟವನು. ಮುಂಬಯಿಯ ಜುಲೈ ಮಳೆಯಲ್ಲಿ ತೊಯ್ದು ಒಳಗೆ ಬಂದ ಒಬ್ಬ ಸೂಟಿನ ಸಾಹೇಬನೂ ನನ್ನೆದುರು ಆ ನಾಯಿ ಬೆಕ್ಕಿನ ಸುದ್ದಿ ಎತ್ತಲಿಲ್ಲ. ಅವರಾಡುವ ಮಾತೇ ಬೇರೆ. ‘ಹೋಲ್ಡ್ ದಿ ಆನಿಯನ್’ ಎನ್ನುತ್ತಾರೆ. ಹೋಲ್ಡ್ ಎಂದರೆ ಹಿಡಿ ಎಂದು ಕಲಿತ ಮಾಣಿ ಈರುಳ್ಳಿಯನ್ನು ಪ್ರತ್ಯೇಕ ತಟ್ಟೆಯಲ್ಲಿ ಹಿಡಿದುಕೊಂಡು ಬರುತ್ತಾನೆ. ಈರುಳ್ಳಿ ಹಾಕಬೇಡ ಎಂಬುದು ಅದರ ಅರ್ಥ. ‘ಆನ್ ದಿ ಹೌಸ್’ ಎಂದರೆ ಮಾಳಿಗೆಯ ಮೇಲೆ ಕೊಂಡೊಯ್ಯಬೇಕಾಗಿಲ್ಲ. ದುಡ್ಡು ಕೇಳಬೇಡ, ಹೋಟೆಲಿನ ಲೆಕ್ಕಕ್ಕೆ ಬರೆ ಎಂದರ್ಥ.

ಇವೆಲ್ಲ ತಪ್ಪಿದರೆ ಒಂದು ಬೈಗಳು, ಹೆಚ್ಚೆಂದರೆ ಒಂದು ತಟ್ಟೆ ತಿಂಡಿಯ ನಷ್ಟ. ಆದರೆ ಹೊಟ್ಟೆಯ ಮೇಲೆ ಹೊಡೆಯುವ ಮಾತುಗಳೂ ಇವೆ, ಮತ್ತು ಅವು ಬಹಳ ಮೆತ್ತಗಿರುತ್ತವೆ.

ಕುಂದಾಪುರದ ಕಡೆಯ ಒಬ್ಬ ತಮ್ಮ ಈ ನಗರದ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದ. ದೀಪಾವಳಿಯ ಹದಿನೈದು ದಿನ ಮುಂಚೆ ಮ್ಯಾನೇಜರು ಅವನನ್ನು ಒಳಗೆ ಕರೆದು, ನಗುನಗುತ್ತಲೇ, ‘ವಿ ಹ್ಯಾವ್ ಟು ಲೆಟ್ ಯೂ ಗೋ’ ಅಂದರು. ಲೆಟ್ ಎಂದರೆ ಬಿಡು, ಗೋ ಎಂದರೆ ಹೋಗು. ಒಂದೊಂದು ಶಬ್ದವೂ ಅವನಿಗೆ ಗೊತ್ತಿತ್ತು. ಕೇಳಿದ್ದ ರಜೆ ಮಂಜೂರಾಯಿತೆಂದು ತಿಳಿದು ‘ಥ್ಯಾಂಕ್ ಯೂ ಸರ್’ ಎಂದು ಕಾಗದಕ್ಕೆ ಸಹಿ ಹಾಕಿ ಊರಿಗೆ ಹೋದ. ಹಬ್ಬ ಮುಗಿಸಿ ಬಂದಾಗ ಗೇಟಿನಲ್ಲಿಯೇ ತಡೆದರು. ಆ ಕಾಗದದಲ್ಲಿ ಎರಡು ಸಂಗತಿಗಳಿದ್ದವು: ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ ಎಂಬುದು ಒಂದು, ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್’ ಎಂಬುದು ಇನ್ನೊಂದು. ಅಂದರೆ, ನನಗೆ ಬರಬೇಕಾದುದೆಲ್ಲ ಬಂದಿದೆ, ಇನ್ನು ಕೇಳುವುದಿಲ್ಲ. ಅವನ ಪ್ರಕರಣ ಇನ್ನೂ ನಡೆಯುತ್ತಿದೆ. ಅವನೀಗ ಬೇರೊಂದು ಕಡೆ ದಿನಗೂಲಿಗೆ ಪಾತ್ರೆ ತೊಳೆಯುತ್ತಿದ್ದಾನೆ.

ಇದನ್ನು ಕೇಳಿ ‘ಅವನು ದಡ್ಡ’ ಎಂದು ನಕ್ಕವರಿದ್ದಾರೆ. ದಡ್ಡತನ ಇದರಲ್ಲಿ ಏನಿದೆ? ಯಾವ ಭಾಷೆಯಲ್ಲಿಯೂ ಶಬ್ದಗಳನ್ನು ಕೂಡಿಸಿದ ಮಾತ್ರಕ್ಕೆ ಮಾತಾಗುವುದಿಲ್ಲ. ಕನ್ನಡ ಕಲಿಯುವ ಪರಕೀಯನೊಬ್ಬನಿಗೆ ‘ಅವನು ನನಗೆ ಕೈ ಕೊಟ್ಟ’ ಎಂದು ಹೇಳಿ ನೋಡಿ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು, ನಮ್ಮಲ್ಲಿ ನಡುನೀರಿನಲ್ಲಿ ಬಿಟ್ಟುಹೋಗುವುದು. ‘ತಲೆ ತಿನ್ನಬೇಡ’ ಎಂದರೆ ಅವನು ನಮ್ಮನ್ನು ನರಭಕ್ಷಕರೆಂದು ತಿಳಿದಾನು! ನಾವು ಈ ಮಾತುಗಳನ್ನು ಪುಸ್ತಕ ನೋಡಿ ಕಲಿತವರಲ್ಲ. ಯಾರು, ಯಾರಿಗೆ, ಎಂಥ ಹೊತ್ತಿನಲ್ಲಿ, ಎಂಥ ಮುಖ ಮಾಡಿ ಹೇಳಿದರೆಂದು ನೋಡಿ ಕಲಿತೆವು. ಮುಂಬಯಿಗೆ ಬಂದು ಹಿಂದಿ, ಮರಾಠಿ ಕಲಿತದ್ದೂ ಹಾಗೆಯೇ. ಇಂಗ್ಲಿಷಿಗೆ ಮಾತ್ರ ಬೇರೆ ದಾರಿ ಏಕೆ?

ಗಿರಣಿಗಳ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಜಾಬರನು ಬೈದರೂ ಮರಾಠಿಯಲ್ಲಿ ಬೈಯುತ್ತಿದ್ದ, ಕಿವಿಗೆ ನೇರವಾಗಿ ತಾಗುತ್ತಿತ್ತು. 1982ರ ಜನವರಿಯಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಹೂಡಿದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಲಿನ ಆ ನೆಲದಲ್ಲಿ ಈಗ ಮಾಲುಗಳೂ ಗಾಜಿನ ಆಫೀಸುಗಳೂ ನಿಂತಿವೆ. ಅಲ್ಲಿ ಗಿರಣಿ ಕೆಲಸಗಾರರ ಮಕ್ಕಳು ಕಾವಲು ಕಾಯುತ್ತಾರೆ, ನೆಲ ಒರೆಸುತ್ತಾರೆ. ಕಂತ್ರಾಟುದಾರ ಕೊಡುವ ಕಾಗದವೆಲ್ಲ ಇಂಗ್ಲಿಷು.

‘ಕಾಗದಗಳನ್ನು ನಮ್ಮ ಭಾಷೆಯಲ್ಲಿ ಕೊಡಿ ಎಂದು ಹೋರಾಡೋಣ, ಇಂಗ್ಲಿಷಿಗೇಕೆ ಶರಣಾಗಬೇಕು?’ ಎಂದು ಹಿರಿಯ ಕಾರ್ಯಕರ್ತರೊಬ್ಬರು ಕೇಳಿದರು. ಬೇಡಿಕೆ ನ್ಯಾಯವಾದುದು. 1946ರ ಸ್ಥಾಯೀ ಆದೇಶಗಳ ಕಾಯಿದೆಯಲ್ಲಿ, ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನೊಂದಿಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಗೋಡೆಗೆ ಹಾಕತಕ್ಕದ್ದೆಂದು ಬರೆದಿತ್ತು. ಆದರೆ ಮ್ಯಾನೇಜರನ ಬಾಯಿಂದ ಬರುವ ಮಾತನ್ನು ಯಾವ ಗೋಡೆಗೆ ಹಾಕಿಸೋಣ? ಹೆಚ್ಚಿನವರ ಭಾಷೆ ಎಂದರೆ ಈ ಊರಿನಲ್ಲಿ ಕನ್ನಡವೂ ಅಲ್ಲ. ಹೋರಾಟವೂ ಇರಲಿ, ಪಾಠವೂ ಇರಲಿ.

ಹಾಗೆ ನೋಡಿದರೆ ಇಂಗ್ಲಿಷು ಧಣಿಗಳೊಬ್ಬರ ಆಸ್ತಿಯೇನೂ ಅಲ್ಲ. ಮುಷ್ಕರಕ್ಕೆ ‘ಸ್ಟ್ರೈಕ್’ ಎಂಬ ಹೆಸರು ಬಂದದ್ದು 1768ರಲ್ಲಿ ಇಂಗ್ಲೆಂಡಿನ ನಾವಿಕರು ಕೂಲಿಗಾಗಿ ಹಡಗುಗಳ ಹಾಯಿ ಇಳಿಸಿದಾಗ. ಹಾಯಿ ಇಳಿಸುವುದಕ್ಕೆ ಅವರ ಮಾತು ‘ಸ್ಟ್ರೈಕ್’. ‘ಬಾಯ್ಕಾಟ್’ ಎಂಬುದು 1880ರಲ್ಲಿ ಐರ್ಲೆಂಡಿನ ಒಕ್ಕಲು ಮಕ್ಕಳೆಲ್ಲ ಸೇರಿ ದೂರವಿಟ್ಟ ಒಬ್ಬ ಜಮೀನು ಏಜೆಂಟನ ಹೆಸರು. ಈ ಶಬ್ದಗಳನ್ನು ಕೊಟ್ಟವರು ನಮ್ಮಂಥವರೇ.

ನಮ್ಮ ಸಂಘದ ಸಂಜೆ ತರಗತಿಯಲ್ಲಿ ಇನ್ನು ಮುಂದೆ ಹಸುವಿನ ಮೇಲಿನ ಪ್ರಬಂಧ ಬೇಡವೆಂದು ನನ್ನ ಸೂಚನೆ. ಪ್ರತಿಯೊಬ್ಬರೂ ಒಂದು ಚಿಕ್ಕ ನೋಟುಬುಕ್ಕು ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ ಕೇಳಿದ ಇಡೀ ಮಾತನ್ನು, ಕಿವಿಗೆ ಬಿದ್ದಂತೆಯೇ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಶಬ್ದಾರ್ಥ ಬೇಕಾಗಿಲ್ಲ, ಯಾರು ಹೇಳಿದರು, ಆಮೇಲೆ ಏನಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ‘ವಿ ವಿಲ್ ಲುಕ್ ಇನ್‌ಟು ಇಟ್’ ಎಂದ ಮೇಲೆ ಯಾರೂ ಏನೂ ನೋಡಲಿಲ್ಲವೆಂದು ನಾಲ್ಕು ಜನ ಬರೆದು ತಂದರೆ, ಅದರ ಅರ್ಥವನ್ನು ಯಾವ ಮಾಸ್ತರರೂ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ತಿಳಿಯದಿದ್ದಾಗ ತಲೆಯಾಡಿಸುವ ಅಭ್ಯಾಸ ನಮ್ಮವರಲ್ಲಿ ಬಹಳ. ‘ಯೆಸ್ ಸರ್’ ಎನ್ನುವ ಮೊದಲು ‘ಹಿಂದಿ ಮೇ ಬೋಲಿಯೇ’ ಎನ್ನಿ. ಸಹಿ ಕೇಳಿದರೆ ‘ನಾಳೆ ಕೊಡುತ್ತೇನೆ’ ಎನ್ನಿ. ಆ ಒಂದು ರಾತ್ರಿಯಲ್ಲಿ ಕಾಗದ ಸಂಘದ ಆಫೀಸಿಗೆ ಬಂದು ಹೋಗಬಹುದು.

ಬರುವ ವಾರದ ತರಗತಿಗೆ ‘ಇನ್ ಲ್ಯೂ ಆಫ್ ನೋಟಿಸ್’ ಎಂಬ ಮಾತನ್ನು ತೆಗೆದುಕೊಳ್ಳುತ್ತೇವೆ. ನೋಟಿಸು ಕೊಡದೆ ಕೆಲಸದಿಂದ ತೆಗೆದರೆ ಅದರ ಬದಲಿಗೆ ಸಂಬಳ ಕೊಡಬೇಕೆಂಬ ಮಾತದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿತ್ತು, 2020ರ ಸಂಹಿತೆಯಲ್ಲಿಯೂ ಉಳಿದಿದೆ. ನೇಮಕದ ಕಾಗದವಿದ್ದವರು ತಪ್ಪದೆ ಅದನ್ನು ತನ್ನಿ. ಇಲ್ಲದವರು ಇಲ್ಲವೆಂದು ಹೇಳುವುದಕ್ಕಾದರೂ ಬನ್ನಿ.