ಪಟ್ಟಿ ಕೇಳಿದರೆ ಪಟ ತೋರಿಸುವವರಿಗೆ

ನಿಜಾಮರ ಕಾಲದ ಕಡತಗಳ ಸೂಚಿಪಟ್ಟಿಗಳನ್ನು ಇಎಡಿ (ಎನ್‌ಕೋಡೆಡ್ ಆರ್ಕೈವಲ್ ಡಿಸ್ಕ್ರಿಪ್ಷನ್) ಎಂಬ ಮೆಟಾಡೇಟಾ ಮಾದರಿಗೆ ಇಳಿಸಿ ಎಂದರೆ ಮೊದಲು ಕೇಳಿಬರುವ ಮಾತು: ‘ಪಟ್ಟಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಇಟ್ಟರೆ ಸಾಲದೇ?’ ಸಾಲದು. ಸ್ಕ್ಯಾನ್ ಎಂದರೆ ಹಾಳೆಯ ಫೋಟೊ. ಬೀದರ್ ಜಿಲ್ಲೆಯ ರಾಜೇಶ್ವರದ ರೈತ ತನ್ನೂರಿನ ಹೆಸರು ಟೈಪಿಸಿದರೆ ಕೈಬರಹದ ಉರ್ದು ಪಟ್ಟಿಯ ಫೋಟೊ ಬಾಯಿ ಬಿಡುವುದಿಲ್ಲ. ಪುಟ ತಿರುವುವ ಕಷ್ಟ ಮೇಜಿನಿಂದ ಪರದೆಗೆ ಬಂತು, ಅಷ್ಟೆ. ಇಎಡಿಯಲ್ಲಿ ಸಂಗ್ರಹ, ಅದರೊಳಗೆ ಶ್ರೇಣಿ, ಶ್ರೇಣಿಯೊಳಗೆ ಕಡತ ಇರುತ್ತವೆ. ಕಡತ ಸಿಕ್ಕವನಿಗೆ ಅದು ಯಾವ ಇಲಾಖೆಯಲ್ಲಿ ಹುಟ್ಟಿದ್ದು ಎಂಬುದೂ ಜೊತೆಗೇ ಸಿಗುತ್ತದೆ.

‘ಅದು ಅಮೆರಿಕದವರ ಮಾದರಿ, ನಮ್ಮ ಫಸಲಿ ಲೆಕ್ಕಕ್ಕೆ ಒಗ್ಗದು’ ಎನ್ನುತ್ತಾರೆ, ನಿಜಾಮರ ಕಾಲದ ಕಂದಾಯ ವರ್ಷವನ್ನು ನೆನೆದು. ಹೀಗೆನ್ನುವವರು ಮಾದರಿಯನ್ನು ತೆರೆದು ನೋಡಿಲ್ಲ. 1998ರಲ್ಲಿ ಮೊದಲ ಆವೃತ್ತಿ ಬಂದು, 2002 ಮತ್ತು 2015ರಲ್ಲಿ ಪರಿಷ್ಕರಣೆಗೊಂಡ ಇಎಡಿಯಲ್ಲಿ ದಿನಾಂಕ ಯಾವ ಪಂಚಾಂಗದ್ದು ಎಂದು ಬರೆಯಲು ಜಾಗವಿದೆ. ಅದರ ಪಕ್ಕದಲ್ಲೇ ಕ್ರಿಸ್ತಶಕದ ಸಮಾನ ದಿನಾಂಕಕ್ಕೂ ಜಾಗವಿದೆ. ಹೈದರಾಬಾದಿನ ಜಾಗೀರು ರದ್ದತಿ ಕಾನೂನಿನ ಹೆಸರಿನಲ್ಲಿರುವುದು 1358 ಫಸಲಿ. ಇಂದಿನವನು ಹುಡುಕುವುದು 1949. ಇವೆರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿಕೊಡುವುದು ಈ ಮಾದರಿ. ‘ಕಲ್ಯಾಣಿ’ ಎಂದು ಬರೆದದ್ದನ್ನು ಬಸವಕಲ್ಯಾಣಕ್ಕೆ ಜೋಡಿಸುವ ದಾರಿಯೂ ಅದರಲ್ಲಿದೆ. ಒಗ್ಗದಿರುವುದು ಹಳೆಯ ಕಾಗದದ ಪಟ್ಟಿಯೇ.

ಇನ್ನು ಒಂದೇ ಉಸಿರಿನಲ್ಲಿ ಬರುವ ಎರಡು ಮಾತು: ‘ಇವನ್ನು ಯಾರೂ ಕೇಳುವುದಿಲ್ಲ’, ‘ತೆರೆದಿಟ್ಟರೆ ಜಮೀನಿನ ದಲ್ಲಾಳಿಗಳು ಮುಗಿಬೀಳುತ್ತಾರೆ.’ ಯಾರಿಗೂ ಬೇಡದ್ದಕ್ಕೆ ಮುಗಿಬೀಳುವವರು ಎಲ್ಲಿಂದ ಬಂದರು? ಓದುಗರೇ ತೀರ್ಮಾನಿಸಲಿ. ಸೂಚಿ ಕಡತ ಇದೆ ಎಂದು ಹೇಳುತ್ತದೆಯೇ ಹೊರತು ಕಡತವನ್ನು ಕೈಗೆ ಕೊಡುವುದಿಲ್ಲ. ಕೊಡುವ ನಿಯಮ ಇದ್ದಲ್ಲೇ ಇರುತ್ತದೆ. ಯಾವ ಬಸ್ತೆಯಲ್ಲಿ, ಅಂದರೆ ಕಡತದ ಗಂಟಿನಲ್ಲಿ, ಏನಿದೆಯೆಂದು ಇಬ್ಬರಿಗೆ ಮಾತ್ರ ಗೊತ್ತಿರುವ ಕಡೆಯೇ ದಲ್ಲಾಳಿ ಬೆಳೆಯುವುದು.

‘ಹಳೆಯ ದಫ್ತರ ಹೈದರಾಬಾದಿನಲ್ಲಿದೆ, ಅದು ನಮ್ಮ ಕೆಲಸವಲ್ಲ’ ಎಂಬುದು ಜಾರಿಕೊಳ್ಳುವ ಮಾತು. 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ, ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಹುಮನಾಬಾದ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಉದಗೀರ್, ನಿಲಂಗಾ ಬೊಂಬಾಯಿಗೆ. ನಿಜಾಮ್ ಸರ್ಕಾರದ ಕೇಂದ್ರ ದಫ್ತರ ಮಾತ್ರ ಹೈದರಾಬಾದಿನಲ್ಲೇ ಉಳಿಯಿತು. ಇಂದು ಅದು ತಾರ್ನಾಕದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ನಮ್ಮ ಜನರ ಚರಿತ್ರೆಯನ್ನು ಗಡಿ ಕತ್ತರಿಸಿತು; ಕಡತಗಳನ್ನು ಲಾರಿಯಲ್ಲಿ ತಂದು ಕೂಡಿಸಲಾಗದು. ಆದರೆ ಬೆಂಗಳೂರು, ಕಲಬುರಗಿ, ಹೈದರಾಬಾದುಗಳ ಸೂಚಿಗಳು ಒಂದೇ ಮಾದರಿಯಲ್ಲಿದ್ದರೆ ಒಂದೇ ಹುಡುಕಾಟಕ್ಕೆ ಮೂರೂ ಉತ್ತರ ಕೊಡುತ್ತವೆ. ಸಮಾನ ಮಾದರಿ ಬೇಕೆಂದು ಹಟ ಹಿಡಿದಿರುವುದು ಇದಕ್ಕೇ.

ಕೊನೆಯದು: ‘ಶಿಕಸ್ತಾ ಓದುವವರು ಸಿಗುವುದಿಲ್ಲ.’ ಆ ಅವಸರದ ಕೂಡುಬರಹ ಓದುವವರು ಸಿಗುವುದು ಕಷ್ಟ, ಒಪ್ಪಿದೆ. ಹಾಗಾದರೆ ಓದಬಲ್ಲ ಹಿರಿಯರು ಬೀದರಿನಲ್ಲಿ ಇನ್ನೂ ಇರುವಾಗಲೇ ಅವರ ಪಕ್ಕ ಒಬ್ಬ ಟೈಪಿಸುವ ಹುಡುಗನನ್ನು ಕೂರಿಸಬೇಕಲ್ಲವೆ? ಮುಂದೂಡಲು ಕೊಟ್ಟ ಈ ಕಾರಣ ನಾಳೆಯೇ ಶುರುಮಾಡಲು ಇರುವ ಕಾರಣ.