ತಪ್ಪು ಎಂಜಿನಿಯರನದಲ್ಲ

ಬಳ್ಳಾರಿ ಕೋಟೆ ಹತ್ತಿದವರಿಗೆಲ್ಲ ಈ ಕಥೆ ಗೊತ್ತು. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಕರೆಸಿ ಕೋಟೆಯನ್ನು ಬಲಪಡಿಸಿದ. ಕೆಲಸ ಮುಗಿದ ಮೇಲೆ ನೋಡಿದರೆ, ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ! ಅಲ್ಲಿಗೆ ಫಿರಂಗಿ ಏರಿಸಿದರೆ ಕೋಟೆಯ ಒಳಗೆಲ್ಲ ಗುಂಡು ಸುರಿಸಬಹುದು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಕಥೆ ಇಲ್ಲಿಗೆ ಬಂದಾಗ ಕೇಳಿದವರು ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ, ಊರಿಗೆ ಬಂದ ನೆಂಟರಿಗೆ ಹೇಳಿ ನಗಿಸಿದ್ದೇನೆ. ಇನ್ನು ಹೇಳಬಾರದು ಅನ್ನಿಸಿದೆ. ಹೇಳುವುದಾದರೂ ಹೀಗೆ ಹೇಳಬಾರದು.

ಇದು ನಿಜವಾಗಿ ನಡೆದದ್ದೋ ಜನ ಕಟ್ಟಿದ್ದೋ ಎಂಬುದು ನನ್ನ ತಕರಾರಲ್ಲ. ಈ ಕಥೆ ನಮಗೆ ಎರಡು ಸಮಾಧಾನ ಕೊಡುತ್ತದೆ, ಎರಡೂ ಸುಳ್ಳು. ಯುದ್ಧದ ಅನಾಹುತಕ್ಕೆ ಯಾರದೋ ಲೆಕ್ಕದ ತಪ್ಪು ಕಾರಣ ಎಂಬುದು ಒಂದು. ತಪ್ಪು ಮಾಡಿದವನು ಅದಕ್ಕೆ ಬೆಲೆ ತೆರುತ್ತಾನೆ ಎಂಬುದು ಇನ್ನೊಂದು.

ಅದೇ ಕೋಟೆಯ ದಾಖಲಾದ ಕಥೆ ನೋಡಿ. 1775ರಲ್ಲಿ ಬಳ್ಳಾರಿಯ ಪಾಳೆಯಗಾರ ದೊಡ್ಡಪ್ಪ ನಾಯಕ ಆದವಾನಿಯ ಬಸಾಲತ್ ಜಂಗನಿಗೆ ಕಪ್ಪ ಕೊಡಲು ಒಪ್ಪಲಿಲ್ಲ. ಬಸಾಲತ್ ಜಂಗನ ಸೈನ್ಯ ಫ್ರೆಂಚ್ ದಳಪತಿ ಲಾಲಿಯ ಜೊತೆ ಬಂದು ಮುತ್ತಿಗೆ ಹಾಕಿತು. ನಾಯಕ ಹೈದರನ ಮೊರೆಹೊಕ್ಕ. ಹೈದರ್ ಹಗಲಿರುಳು ನಡೆದು ಬಂದು ಮುತ್ತಿಗೆದಾರರನ್ನು ಓಡಿಸಿದ. ಆಮೇಲೆ ಅದೇ ಕೋಟೆಯ ಕಡೆ ತಿರುಗಿ ತಾನೇ ವಶಪಡಿಸಿಕೊಂಡ. ಕಾಪಾಡಲು ಬಂದವನೇ ಮುತ್ತಿಗೆದಾರನಾದ. ಆ ದಿನಗಳಲ್ಲಿ ಮಣ್ಣು ಅಗೆದವರು, ತೋಪುಗಳನ್ನು ಎಳೆದವರು, ಒಳಗೆ ಕೂತು ಗುಂಡು ಎಣಿಸಿದವರು ಯಾರು? ಒಂದು ಹೆಸರೂ ನಮಗೆ ಉಳಿದಿಲ್ಲ. ಗಲ್ಲಿಗೇರಿದ ಫ್ರೆಂಚನಿಗಾದರೂ ಒಂದು ಕಥೆ ಇದೆ.

ಫಿರಂಗಿ ಬಂದ ಮೇಲೆ ಎತ್ತರದ ಗೋಡೆಗೆ ಬೆಲೆ ಉಳಿಯಲಿಲ್ಲ. 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ವೋಬಾನ್ ಎಂಬ ಫ್ರೆಂಚ್ ಎಂಜಿನಿಯರ್ ಕೋಟೆಗೆ ಸಮಾನಾಂತರವಾಗಿ ಸಾಲುಸಾಲು ಕಂದಕ ತೋಡಿಸಿದ. ಸಾಲಿನಿಂದ ಸಾಲಿಗೆ ಅಂಕುಡೊಂಕಾಗಿ ಅಗೆಯುತ್ತ, ತೋಪುಗಳನ್ನು ಹತ್ತಿರ ಹತ್ತಿರ ತರುತ್ತ ಹೋದ. ಅಲ್ಲಿಂದಾಚೆಗೆ ಕೋಟೆ ಬೀಳುತ್ತದೋ ಇಲ್ಲವೋ ಎಂಬ ಪ್ರಶ್ನೆ ಹೋಗಿ, ಎಷ್ಟು ದಿನಕ್ಕೆ ಬೀಳುತ್ತದೆ ಎಂಬ ಲೆಕ್ಕ ಬಂತು. ಹಾಗೆ ಅಗೆಯುತ್ತ ಮುಂದೆ ಸಾಗುವ ಕಂದಕಕ್ಕೆ ‘ಸ್ಯಾಪ್’ ಎಂದು ಹೆಸರು. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಹೆಸರಿನಲ್ಲಿ ಈ ಗುದ್ದಲಿ ಕೆಲಸ ಇವತ್ತಿಗೂ ಉಳಿದಿದೆ. ಕಂದಕ ಎಂದರೆ ನಮ್ಮ ಭಾಷೆಯಲ್ಲಿ ಕೋಟೆಯನ್ನು ಕಾಯುವ ಅಗಳು. ಯುದ್ಧ ಅದನ್ನು ಮನುಷ್ಯ ಇಳಿದು ನಿಲ್ಲುವ ಗುಂಡಿ ಮಾಡಿತು.

1914ರ ಹೊತ್ತಿಗೆ ಕೋಟೆಯೂ ಹೋಯಿತು, ಗುಂಡಿ ಮಾತ್ರ ಉಳಿಯಿತು. ಫ್ರಾನ್ಸಿನ ಸೊಮ್ ನದಿಯ ಬಳಿ 1916ರ ಜೂನ್ 24ರಿಂದ ಏಳು ದಿನ ಬ್ರಿಟಿಷ್ ಫಿರಂಗಿಗಳು ಸುಮಾರು 15 ಲಕ್ಷ ಶೆಲ್‌ಗಳನ್ನು ಜರ್ಮನ್ ಕಂದಕಗಳ ಮೇಲೆ ಸುರಿದವು. ಅಲ್ಲಿ ಇನ್ನು ಯಾರೂ ಜೀವಂತ ಇರಲಾರರು ಎಂಬುದು ಲೆಕ್ಕ. ಜರ್ಮನರು ಆಳದ ನೆಲಮನೆಗಳಲ್ಲಿ ಕೂತಿದ್ದರು. ಎಷ್ಟೋ ಶೆಲ್ ಸಿಡಿಯಲೇ ಇಲ್ಲ, ಮುಳ್ಳುತಂತಿ ಬಹಳ ಕಡೆ ತುಂಡಾಗಲಿಲ್ಲ. ಜುಲೈ 1ರಂದು ಮೇಲೆದ್ದು ಹೊರಟ ಬ್ರಿಟಿಷ್ ಸೈನಿಕರಲ್ಲಿ ಒಂದೇ ದಿನ 19,240 ಮಂದಿ ಸತ್ತರು. ಕುಂಬಾರ ಗುಡ್ಡದ ತಪ್ಪಿಗಿಂತ ದೊಡ್ಡ ಲೆಕ್ಕದ ತಪ್ಪು ಇದು. ಯಾರನ್ನು ಗಲ್ಲಿಗೇರಿಸಿದರು? ದಂಡನಾಯಕ ಹೇಗ್ ಆರು ತಿಂಗಳಲ್ಲಿ ಫೀಲ್ಡ್ ಮಾರ್ಷಲ್ ಆದ. ಮುಂದೆ ಲೆಕ್ಕ ಸುಧಾರಿಸಿತು. 1917ರ ನವೆಂಬರಿನಲ್ಲಿ ಕಾಂಬ್ರೆಯಲ್ಲಿ ಮೊದಲೇ ಪರೀಕ್ಷಾ ಗುಂಡು ಹಾರಿಸದೆ, ನಕ್ಷೆ ನೋಡಿಯೇ ಗುರಿಗೆ ಹೊಡೆಯುವುದು ಸಾಧ್ಯವಾಯಿತು. ಅದರಿಂದ ಸಾಯುವವರೇನೂ ಕಡಿಮೆಯಾಗಲಿಲ್ಲ. ಲೆಕ್ಕ ತಪ್ಪಾದರೆ ನಮ್ಮ ಕಂದಕದವನು ಸಾಯುತ್ತಾನೆ, ಸರಿಯಾದರೆ ಆಚೆ ಕಂದಕದವನು.

ಆಚೆ ಕಂದಕದವನನ್ನು ಬಳ್ಳಾರಿ ಕಣ್ಣಾರೆ ಕಂಡಿದೆ. ಅದೇ ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಬ್ರಿಟಿಷರು ಈ ಊರಿನಲ್ಲಿ ಇಟ್ಟಿದ್ದರು. ಮೆಸೊಪೊಟೇಮಿಯಾದಲ್ಲಿ ತುರ್ಕಿ ಫಿರಂಗಿಗಳ ಎದುರು ಗುಂಡಿಯಲ್ಲಿದ್ದವರು ಬಹುಪಾಲು ಭಾರತೀಯರು. 1916ರ ಏಪ್ರಿಲ್ 29ರಂದು ಕೂತ್ ಪಟ್ಟಣದಲ್ಲಿ ಹಸಿವಿನಿಂದ ಶರಣಾಗಿ ಸಾವಿರಾರು ಭಾರತೀಯರು ತುರ್ಕರ ಕೈದಿಗಳಾದರು. ನಮ್ಮವರು ಅವರ ಸೆರೆಯಲ್ಲಿ, ಅವರು ನಮ್ಮ ಸೆರೆಯಲ್ಲಿ. ಯುದ್ಧ ಯಾರದ್ದೋ. ಗುಡ್ಡದ ಮೇಲೆ ಈ ಕಥೆಯನ್ನು ನನಗೆ ಯಾರೂ ಹೇಳಿದ್ದಿಲ್ಲ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲವಲ್ಲ.

ಕಳೆದುಹೋದ ಕಾಲದ ಮಾತೇಕೆ ಎನ್ನುತ್ತೀರಾ? 2025ರ ಮೇ ತಿಂಗಳಲ್ಲಿ ಕುರುಗೋಡಿನ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಟೀವಿಯಲ್ಲಿ ಸೈರನ್ ಕೂಗುತ್ತಿತ್ತು, ಪರದೆ ತುಂಬ ಬೆಂಕಿಯ ಗ್ರಾಫಿಕ್ಸ್. ‘ಏನ್ ಹೊಡದ್ರಪಾ!’ ಎಂದು ಪಕ್ಕದವರು ತೊಡೆ ತಟ್ಟಿದರು. ಅದೇ ದಿನಗಳಲ್ಲಿ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್‌ಗಳು ಮನೆಗಳ ಮೇಲೆ, ಗುರುದ್ವಾರದ ಮೇಲೆ ಬೀಳುತ್ತಿದ್ದವು. ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಮಕ್ಕಳಿದ್ದರು. ಕೊನೆಗೆ ಸರ್ಕಾರವೇ, ನಿಮ್ಮ ಕಾರ್ಯಕ್ರಮಗಳಲ್ಲಿ ಸೈರನ್ ಶಬ್ದ ಬಳಸಬೇಡಿ ಎಂದು ವಾಹಿನಿಗಳಿಗೆ ಹೇಳಬೇಕಾಯಿತು. ಜೀವ ಉಳಿಸಬೇಕಾದ ಶಬ್ದವನ್ನು ನಾವು ಹಿನ್ನೆಲೆ ಸಂಗೀತ ಮಾಡಿಕೊಂಡಿದ್ದೆವು.

ಹಾಗಾದರೆ ಸೈನ್ಯ ಬೇಡವೇ, ಹೊಡೆಸಿಕೊಂಡು ಕೂರಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದೇಶ ಕಾಯಲು ತೋಪು ಬೇಕಾಗಬಹುದು. ಹೊಲಕ್ಕೆ ನುಗ್ಗಿದವನನ್ನು ಸಿರುಗುಪ್ಪದ ರೈತನೂ ಸುಮ್ಮನೆ ಬಿಡುವುದಿಲ್ಲ. ಆದರೆ ಜಗಳವಾಗಲಿ ಎಂದು ಅವನು ಹರಕೆ ಹೊರುವುದಿಲ್ಲ, ಜಗಳದ ಮರುದಿನ ಬದು ಸರಿಪಡಿಸಬೇಕಾದವನು ತಾನೇ ಎಂದು ಅವನಿಗೆ ಗೊತ್ತು. ನಮ್ಮ ಚಪ್ಪಾಳೆಗೆ ಆ ಜವಾಬ್ದಾರಿ ಇಲ್ಲ. ಯಾವ ಶೆಲ್ಲೂ ತಲುಪದಷ್ಟು ದೂರದಲ್ಲಿ ಕೂತು ಇನ್ನೂ ಹೊಡೆಯಿರಿ ಎನ್ನುವುದು ದೇಶಭಕ್ತಿಯಲ್ಲ. ಬೇರೆಯವರ ಮಕ್ಕಳನ್ನು ಗುಂಡಿಗಿಳಿಸಿ ನಾವು ಗುಡ್ಡದ ಮೇಲಿಂದ ನೋಡುವುದು ಅದು.

ಮುಂದಿನ ಸಲ ನೆಂಟರನ್ನು ಕೋಟೆಗೆ ಕರೆದೊಯ್ದರೆ ಎಂಜಿನಿಯರನ ಕಥೆ ಹೇಳುತ್ತೇನೆ, ಗಲ್ಲಿನ ಹತ್ತಿರ ನಿಲ್ಲಿಸುವುದಿಲ್ಲ. ಕುಂಬಾರ ಗುಡ್ಡ ತೋರಿಸಿ ಕೇಳುತ್ತೇನೆ: ಆ ಗುಡ್ಡ ಇಷ್ಟು ಎತ್ತರ ಇರದೇ ಹೋಗಿದ್ದರೆ ಯಾರು ಉಳಿಯುತ್ತಿದ್ದರು? ಎಂಜಿನಿಯರ್ ಒಬ್ಬ ಉಳಿಯುತ್ತಿದ್ದ. ಕೆಳಗೆ ಮಣ್ಣು ಅಗೆಯುವವರ ಪಾಡು ಹಾಗೇ ಇರುತ್ತಿತ್ತು.