ವಕ್ಫ್: ಎಕರೆ ಎಷ್ಟೆಂದು ಕೇಳಿದ್ದಾಯಿತು, ಆದಾಯ ಎಷ್ಟು?

ವಕ್ಫ್ ಎಂದರೆ ಕರ್ನಾಟಕದಲ್ಲಿ ಈಗ ಮೊದಲು ನೆನಪಾಗುವುದು ಪಹಣಿ. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ನೋಟಿಸ್ ಹೋಗಿ, ಪಹಣಿಯ 11ನೇ ಕಾಲಂನಲ್ಲಿ ವಕ್ಫ್ ಹೆಸರು ಕಂಡು ಗದ್ದಲ ರಾಜ್ಯವಿಡೀ ಹಬ್ಬಿತು. ಕೊನೆಗೆ ಮುಖ್ಯಮಂತ್ರಿಗಳೇ ನೋಟಿಸ್ ವಾಪಸ್ ಪಡೆಯಲು ಸೂಚಿಸಬೇಕಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಕೇಂದ್ರದ ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಅದರ ಕೆಲವು ಅಂಶಗಳಿಗೆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈ ಎಲ್ಲದರ ನಡುವೆ ವಾದ ಮಾಡಿದವರೆಲ್ಲ ಹಿಡಿದದ್ದು ಒಂದೇ ಅಳತೆಗೋಲು: ಎಕರೆ. ವಕ್ಫ್ ಬಳಿ ಇಷ್ಟು ಲಕ್ಷ ಎಕರೆ ಇದೆ ಎಂದು ಒಬ್ಬರು ಹುಬ್ಬೇರಿಸಿದರೆ, ಇಷ್ಟು ಎಕರೆ ಒತ್ತುವರಿಯಾಗಿದೆ ಎಂದು ಇನ್ನೊಬ್ಬರು ಅಳಲು ತೋಡಿಕೊಂಡರು. ಆ ಆಸ್ತಿ ವರ್ಷಕ್ಕೆ ಎಷ್ಟು ದುಡಿಯುತ್ತದೆ, ಆ ದುಡಿಮೆ ಯಾವ ಬಡವನ ಮನೆ ತಲುಪುತ್ತದೆ ಎಂದು ಕೇಳಿದವರು ಕಡಿಮೆ. ಯಾವ ಸರ್ವೆ ನಂಬರ್ ಯಾರದ್ದು ಎಂಬುದನ್ನು ಕೋರ್ಟು, ಕಂದಾಯ ಇಲಾಖೆ ನೋಡಿಕೊಳ್ಳಲಿ. ಇಲ್ಲಿ ಆದಾಯದ ಮಾತನ್ನಷ್ಟೇ ಆಡೋಣ.

ಮೊದಲು ವಕ್ಫ್‌ನ ಮೂಲ. ಅರೇಬಿಯಾದ ಖೈಬರ್‌ನಲ್ಲಿ ಒಳ್ಳೆಯ ಜಮೀನು ಸಿಕ್ಕಿದಾಗ, ಅದನ್ನೇನು ಮಾಡಲಿ ಎಂದು ಪ್ರವಾದಿ ಮುಹಮ್ಮದರನ್ನು ಅವರ ಸಂಗಾತಿ ಉಮರ್ ಕೇಳಿದ ಪ್ರಸಂಗ ಹದೀಸ್‌ಗಳಲ್ಲಿದೆ. ಜಮೀನನ್ನು ಹಾಗೆಯೇ ಉಳಿಸಿಕೊಂಡು ಅದರ ಫಲವನ್ನು ದಾನ ಮಾಡು ಎಂಬ ಸಲಹೆ ಸಿಕ್ಕಿತು. ಅದರಂತೆ ಆ ಜಮೀನನ್ನು ಮಾರುವಂತಿಲ್ಲ, ಯಾರಿಗೂ ಉಡುಗೊರೆಯಾಗಿ ಕೊಡುವಂತಿಲ್ಲ, ಅದು ವಾರಸಿನಲ್ಲಿ ಹಂಚಿಹೋಗುವಂತಿಲ್ಲ. ಫಲವೆಲ್ಲ ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ದಾರಿಹೋಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ತನ್ನ ಊಟಕ್ಕೆ ಬೇಕಾದಷ್ಟನ್ನು ನ್ಯಾಯವಾಗಿ ತೆಗೆದುಕೊಳ್ಳಬಹುದು. ನಾವು ಇಂದು ಮುತವಲ್ಲಿ ಎನ್ನುವುದು ಈ ನೋಡಿಕೊಳ್ಳುವವನನ್ನೇ. ಜಕಾತ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕಡ್ಡಾಯ ದಾನವಾದ ಜಕಾತ್ ಬಂದಂತೆ ಖರ್ಚಾಗಬೇಕಾದ ಹಣ, ವಕ್ಫ್‌ನಲ್ಲಿ ಗಂಟು ಕರಗಕೂಡದು.

ಕನ್ನಡ ಓದುಗರಿಗೆ ಇದೇನೂ ಅಪರಿಚಿತ ಕಲ್ಪನೆಯಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳನ್ನು ನೆನೆಯಿರಿ. ತಂದೆತಾಯಿಯ ಹೆಸರಿನಲ್ಲಿ ಯಾರೋ ಒಂದಿಷ್ಟು ಹಣ ಇಡುತ್ತಾರೆ, ಅಸಲು ಬ್ಯಾಂಕಿನಲ್ಲಿರುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಆದರೆ ಹಲವು ದಶಕಗಳ ಹಿಂದೆ ಇಟ್ಟ ಸಾವಿರ ರೂಪಾಯಿಯ ಬಡ್ಡಿ ಇಂದು ಉಪನ್ಯಾಸಕರ ಆಟೋ ಖರ್ಚಿಗೂ ಸಾಲದು. ಅಸಲು ಒಂದು ಪೈಸೆಯೂ ಕರಗಿಲ್ಲ, ದತ್ತಿ ಮಾತ್ರ ಸೊರಗಿದೆ. ವಕ್ಫ್‌ನ ಇಡೀ ಆರ್ಥಿಕ ಸಮಸ್ಯೆಯೂ ಹೀಗೆಯೇ. ಆಸ್ತಿಯನ್ನು ಮುಟ್ಟದೆ ಕಾಪಾಡುವುದೇ ಸಾಕೇ, ಅದರ ದುಡಿಯುವ ಶಕ್ತಿಯನ್ನೂ ಕಾಪಾಡಬೇಕೇ?

ಚರಿತ್ರೆಯಲ್ಲಿ ಈ ವ್ಯವಸ್ಥೆ ಎಷ್ಟು ಗಟ್ಟಿಯಾಗಿ ದುಡಿದಿತ್ತು ಎಂಬುದಕ್ಕೆ ಜೆರುಸಲೇಮ್‌ನ ಒಂದು ಅಡುಗೆಮನೆಯನ್ನು ನೋಡಬಹುದು. ಆಟೊಮನ್ ಸುಲ್ತಾನ ಸುಲೇಮಾನನ ಪತ್ನಿ ಹುರ್ರೆಮ್ 1550ರ ದಶಕದಲ್ಲಿ ಅಲ್ಲಿ ಒಂದು ಅನ್ನಛತ್ರ ಕಟ್ಟಿಸಿದಳು. ಅದರ ವಕ್ಫ್‌ನಾಮೆ ಓದಿದರೆ ಆಸ್ತಿಪತ್ರ ಓದಿದ ಹಾಗಲ್ಲ, ಅಡುಗೆ ಭಟ್ಟನ ಪಟ್ಟಿ ಓದಿದ ಹಾಗಿರುತ್ತದೆ. ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿಯ ಗಂಜಿ, ಜೊತೆಗೆ ರೊಟ್ಟಿ. ಶುಕ್ರವಾರದಂಥ ವಿಶೇಷ ದಿನಗಳಲ್ಲಿ ಮಾಂಸ ಬೆರೆಸಿದ ಅನ್ನ, ಕೇಸರಿ ಹಾಕಿದ ಸಿಹಿ. ಯಾರಿಗೆ ಎಷ್ಟು ಸೌಟು ಎಂಬುದೂ ಬರೆದಿದೆ. ನೌಕರರ ಸಾಲಿನಲ್ಲಿ ಅಡುಗೆಯವರು, ಪಾತ್ರೆ ತೊಳೆಯುವವರ ಜೊತೆ ಧಾನ್ಯ ಶುಚಿ ಮಾಡುವವರಿಗೂ ಜಾಗವಿದೆ. ದಿನವೂ ಸುಮಾರು 400 ಬಡವರಿಗೆ ಊಟ ಎಂಬ ಲೆಕ್ಕ. ಈ ಖರ್ಚಿಗೆ ಗೊತ್ತುಮಾಡಿದ್ದು ರಮ್ಲಾ ಸುತ್ತಲಿನ ಹಳ್ಳಿಗಳ ಕಂದಾಯ ಮತ್ತಿತರ ಉತ್ಪನ್ನ. ಹಳ್ಳಿಯ ಗೋಧಿ ನಗರದ ಹಸಿದವರ ಬಟ್ಟಲಿಗೆ ಬರುವ ದಾರಿ ಕಾಗದದಲ್ಲೇ ಸ್ಪಷ್ಟವಾಗಿತ್ತು. ಖಜಾನೆಯ ದೈನಂದಿನ ಮರ್ಜಿಗೆ ಕಾಯದೆ ಶತಮಾನಗಳ ಕಾಲ ಅಲ್ಲಿ ಒಲೆ ಉರಿಯಿತು. ಆಸ್ಪತ್ರೆ, ಮದರಸಾ, ಸೇತುವೆ, ಬಾವಿ, ಪ್ರಯಾಣಿಕರ ಛತ್ರ, ಇಂದು ನಾವು ಸರ್ಕಾರದ ಕೆಲಸ ಎನ್ನುವ ಎಷ್ಟೋ ಸೌಕರ್ಯ ಆ ನಾಡುಗಳಲ್ಲಿ ನಡೆದದ್ದು ಹೀಗೆಯೇ.

ಅದೇ ಕಾಲದಲ್ಲಿ ಇನ್ನೊಂದು ಜಗಳವೂ ಎದ್ದಿತು. ಜಮೀನಿನ ಬದಲು ನಗದನ್ನೇ ವಕ್ಫ್ ಮಾಡಬಹುದೇ? ಇಸ್ತಾಂಬುಲ್, ಬುರ್ಸಾ ಮೊದಲಾದ ಊರುಗಳಲ್ಲಿ ಜನ ಆಗಲೇ ಮಾಡುತ್ತಿದ್ದರು. ಆ ಹಣವನ್ನು ವ್ಯಾಪಾರಿಗಳಿಗೆ, ಕುಶಲಕರ್ಮಿಗಳಿಗೆ ಸಾಲ ಕೊಟ್ಟು ಬಂದ ಲಾಭದಲ್ಲಿ ಧರ್ಮಕಾರ್ಯ ನಡೆಯುತ್ತಿತ್ತು. ಇದು ಬಡ್ಡಿಯ ವೇಷಾಂತರ ಎಂದು ಬಿರ್ಗಿವಿ ಎಂಬ ವಿದ್ವಾಂಸ ಕಟುವಾಗಿ ಬರೆದ. ಜನರಲ್ಲಿ ರೂಢಿಯಾಗಿದೆ, ನಿಲ್ಲಿಸಿದರೆ ಎಷ್ಟೋ ಸತ್ಕಾರ್ಯ ಮುಳುಗುತ್ತವೆ ಎಂದು ಸಾಮ್ರಾಜ್ಯದ ಶೇಖುಲ್ ಇಸ್ಲಾಂ, ಅಂದರೆ ಮುಖ್ಯ ಧರ್ಮಾಧಿಕಾರಿ, ಎಬುಸ್ಸೂದ್ ಎಫೆಂದಿ ಸಮರ್ಥಿಸಿದ. ಎಬುಸ್ಸೂದನ ಪಕ್ಷವೇ ಗೆದ್ದಿತು. ವಕ್ಫ್ ಎಂದರೆ ಕಲ್ಲಿನಂತೆ ಅಲ್ಲಾಡದ ನಿಯಮಗಳ ಕಟ್ಟು ಎಂದುಕೊಂಡವರು ಈ ವಾದವನ್ನು ಒಮ್ಮೆ ಓದಬೇಕು.

ಹಾಗಾದರೆ ಸೊರಗಿದ್ದು ಯಾಕೆ? ಆರ್ಥಿಕ ಇತಿಹಾಸಕಾರ ತಿಮೂರ್ ಕುರಾನ್ ಕೊಡುವ ಉತ್ತರ ಸ್ವಲ್ಪ ಒರಟು, ಆದರೆ ಕಿವಿಗೊಡಬೇಕಾದದ್ದು. ದಾನಿ ಬರೆದಿಟ್ಟ ಷರತ್ತು ಅವನು ಸತ್ತ ಮೇಲೂ ಆಳುತ್ತದೆ. ಒಂಟೆಗಳ ಸಾಲು ಹೋಗುವ ದಾರಿಯಲ್ಲಿ ಛತ್ರ ಕಟ್ಟಿಸಿದವನ ಕಾಗದದಲ್ಲಿ ರೈಲು ಬಂದರೆ ಏನು ಮಾಡಬೇಕೆಂದು ಬರೆದಿರುವುದಿಲ್ಲ. ಕಾಲ ಬದಲಾದಾಗ ಹಣವನ್ನು ಹೊಸ ಕೆಲಸಕ್ಕೆ ತಿರುಗಿಸುವ ಅಧಿಕಾರ ಮುತವಲ್ಲಿಗೆ ಇರಲಿಲ್ಲ. ಇದ್ದ ಕಡೆ ಅದು ಕಳ್ಳದಾರಿಯಾಯಿತು. ತಿಮೂರ್ ಕುರಾನ್ ಅವರ ಈ ವಾದವನ್ನು ಪೂರ್ತಿ ಒಪ್ಪುವುದು ಕಷ್ಟ, ಏಕೆಂದರೆ ರಾಜರೂ ವಸಾಹತು ಸರ್ಕಾರಗಳೂ ಮುಂದೆ ಸ್ವತಂತ್ರ ಸರ್ಕಾರಗಳೂ ವಕ್ಫ್ ಆಸ್ತಿಗೆ ಕೈಹಾಕಿದ ಕಥೆ ಬೇರೆಯೇ ಇದೆ. ಆದರೂ ಬೀಗ ಭದ್ರವಾಗಿದ್ದು ಕೀಲಿಕೈ ಬಹಳ ಕಡೆ ಇರಲಿಲ್ಲ ಎಂಬುದು ನಿಜ.

ಆ ಕೀಲಿಕೈಯನ್ನು ಜೋಪಾನವಾಗಿ ಬಳಸಿದ ದೇಶ ಸಿಂಗಪುರ. ಅಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರು, ಸರ್ಕಾರ ಧರ್ಮನಿರಪೇಕ್ಷ, ಭೂಮಿಯ ಬೆಲೆ ಕೇಳುವ ಹಾಗಿಲ್ಲ. ಆದ್ದರಿಂದಲೇ ನಮಗೆ ಅರಬ್ ದೇಶಗಳಿಗಿಂತ ಸಿಂಗಪುರದ ಪಾಠ ಹತ್ತಿರದ್ದು. 1968ರಲ್ಲಿ ಸ್ಥಾಪನೆಯಾದ ಮುಯಿಸ್ ಎಂಬ ಶಾಸನಬದ್ಧ ಮಂಡಳಿ ಅಲ್ಲಿ ವಕ್ಫ್‌ಗಳನ್ನು ನೋಡಿಕೊಳ್ಳುತ್ತದೆ. ಬೆಂಕೂಲೆನ್ ಬೀದಿಯಲ್ಲಿ ಒಂದು ಹಳೆಯ ಮಸೀದಿ ಇತ್ತು. ನಗರದ ನಡುವಿನ ಚಿನ್ನದಂಥ ಜಾಗ. ಹುಟ್ಟುವಳಿ ಮಾತ್ರ ಆ ಜಾಗದ ಬೆಲೆಯ ಮುಂದೆ ಲೆಕ್ಕಕ್ಕಿಲ್ಲದಷ್ಟು. ಅದನ್ನು ಮಾರುವಂತಿಲ್ಲ, ಬಡ್ಡಿ ಸಾಲ ತರುವಂತಿಲ್ಲ, ಕಟ್ಟಲು ಕೈಯಲ್ಲಿ ಹಣವೂ ಇಲ್ಲ. 2000ರ ದಶಕದ ಆರಂಭದಲ್ಲಿ ಮುಯಿಸ್ ಹೂಡಿದ ಉಪಾಯ ಸುಕುಕ್. ಸಾಲಪತ್ರದ ಬದಲು ಪಾಲುದಾರಿಕೆಯ ಪತ್ರ ಎಂದರೆ ಸರಿಹೋದೀತು. ಹೂಡಿಕೆದಾರರಿಗೆ ಸಿಗುವುದು ಯೋಜನೆಯ ಆದಾಯದಲ್ಲಿ ಪಾಲು. ಹೀಗೆ 3.5 ಕೋಟಿ ಸಿಂಗಪುರ ಡಾಲರ್ ಎತ್ತಿ ಅಲ್ಲಿ ಹೊಸ ಮಸೀದಿ, ವಾಣಿಜ್ಯ ಕಟ್ಟಡ, 103 ಮನೆಗಳ 12 ಅಂತಸ್ತಿನ ಸರ್ವಿಸ್ ಅಪಾರ್ಟ್‌ಮೆಂಟ್ ಕಟ್ಟಿದರು. ಅಪಾರ್ಟ್‌ಮೆಂಟನ್ನು ಆ ವ್ಯವಹಾರ ಗೊತ್ತಿದ್ದ ಕಂಪನಿಗೆ ಬಾಡಿಗೆಗೆ ಕೊಟ್ಟರು. ಮಂಡಳಿಯವರೇ ಹೋಟೆಲ್ ನಡೆಸಲು ಹೋಗಲಿಲ್ಲ, ಅದೂ ಒಂದು ಜಾಣತನ.

ಇನ್ನೊಂದು ಹೆಜ್ಜೆ ಇನ್ನೂ ದಿಟ್ಟ. ಅಲ್ಲಲ್ಲಿ ಚದುರಿದ್ದ, ಬಾಡಿಗೆ ಹುಟ್ಟದ ಸಣ್ಣಪುಟ್ಟ ಆಸ್ತಿಗಳನ್ನು ಬಿಟ್ಟುಕೊಟ್ಟು, ಆ ಮೌಲ್ಯದ ಜೊತೆ ಸುಕುಕ್ ಹಣ ಸೇರಿಸಿ ಬೀಚ್ ರೋಡಿನಲ್ಲಿ ಒಂದು ದೊಡ್ಡ ಕಚೇರಿ ಕಟ್ಟಡ ಕೊಂಡರು. ಶರೀಅತ್ ಪಂಡಿತರು ಇದನ್ನು ಇಸ್ತಿಬ್ದಾಲ್ ಎನ್ನುತ್ತಾರೆ: ಕೆಲಸಕ್ಕೆ ಬಾರದ ಆಸ್ತಿಯನ್ನು ಅದಕ್ಕಿಂತ ಉತ್ತಮವಾದ, ಕನಿಷ್ಠ ಅಷ್ಟೇ ಬೆಲೆಯ ಆಸ್ತಿಗೆ ಬದಲಾಯಿಸಿಕೊಳ್ಳುವುದು. ಇಸ್ಲಾಮಿಕ್ ಕಾನೂನಿನ ಹನಫಿ ಪರಂಪರೆಯಲ್ಲಿ ಷರತ್ತುಗಳೊಂದಿಗೆ ಇದಕ್ಕೆ ಅವಕಾಶವಿದೆ. ನಮ್ಮ ದೇಶದ ಬಹುಪಾಲು ಮುಸ್ಲಿಮರೂ ಹನಫಿಗಳೇ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಇಂಡೋನೇಷ್ಯಾದವರು ನಗದು ವಕ್ಫ್‌ನ ದಾರಿ ಹಿಡಿದರು. 2004ರ ಕಾನೂನು ನಗದನ್ನು ವಕ್ಫ್ ಎಂದು ಒಪ್ಪಿತು. 2020ರ ಮಾರ್ಚ್‌ನಲ್ಲಿ 5,085 ಕೋಟಿ ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 25 ಕೋಟಿ ರೂಪಾಯಿ, ಸರ್ಕಾರಿ ಸುಕುಕ್‌ನಲ್ಲಿ ಹೂಡಿ, ಬರುವ ಆದಾಯವನ್ನು ಸೆರಾಂಗ್ ಊರಿನ ವಕ್ಫ್ ಜಾಗದ ಕಣ್ಣಾಸ್ಪತ್ರೆಗೆ ಮೀಸಲಿಟ್ಟರು. ರೆಟಿನಾ ಚಿಕಿತ್ಸಾ ಕೇಂದ್ರ, ಬಡವರಿಗೆ ಉಚಿತ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಅದರ ಉದ್ದೇಶ. ಜಮೀನಿಲ್ಲದ ಸಾಮಾನ್ಯ ನೌಕರನೂ ಹೀಗೆ ವಾಕಿಫ್, ಅಂದರೆ ವಕ್ಫ್ ಮಾಡುವ ದಾನಿ, ಆಗಬಹುದು. ನಮ್ಮ 1995ರ ವಕ್ಫ್ ಕಾಯ್ದೆಯೂ ಚರಾಸ್ತಿಯ ವಕ್ಫ್ ಅನ್ನು ಒಪ್ಪುತ್ತದೆ. ಆದರೆ ಅದನ್ನು ಬಡ್ಡಿಯಿಲ್ಲದೆ ಭದ್ರವಾಗಿ ಹೂಡಲು ಅಲ್ಲಿನಂಥ ಸರ್ಕಾರಿ ಸುಕುಕ್ ನಮ್ಮಲ್ಲಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿಯ ವರದಿಯ ಅಂಕಿಗಳು ಹಳೆಯವು, ಆದರೂ ಚಿತ್ರ ಸ್ಪಷ್ಟವಾಗಿ ಸಿಗುವುದು ಅಲ್ಲೇ. ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳು, ಸುಮಾರು 6 ಲಕ್ಷ ಎಕರೆ. ಲೆಕ್ಕಪುಸ್ತಕದಲ್ಲಿನ ಬೆಲೆ 6,000 ಕೋಟಿ ರೂಪಾಯಿ. ಪೇಟೆಯ ಬೆಲೆ 1.2 ಲಕ್ಷ ಕೋಟಿ ಎಂದು ಸಮಿತಿ ಅಂದಾಜಿಸಿತು. ವರ್ಷದ ಆದಾಯ? 163 ಕೋಟಿ. ಪೇಟೆಯ ಬೆಲೆಗೆ ಹಿಡಿದರೆ ನೂರು ರೂಪಾಯಿಗೆ 14 ಪೈಸೆಯೂ ಹುಟ್ಟಲಿಲ್ಲ. ಸರಿಯಾಗಿ ದುಡಿಸಿದರೆ ಶೇ 10ರ ಲೆಕ್ಕದಲ್ಲಿ ವರ್ಷಕ್ಕೆ 12,000 ಕೋಟಿ ಬರಬಹುದೆಂದು ಸಮಿತಿ ಹೇಳಿತು. ಇದು ನನಗೆ ಉತ್ಸಾಹದ ಲೆಕ್ಕವೆನಿಸುತ್ತದೆ. ಆ 6 ಲಕ್ಷ ಎಕರೆಯಲ್ಲಿ ಮಸೀದಿ, ದರ್ಗಾ, ಖಬರಸ್ತಾನಗಳೂ ಇವೆ. ಖಬರಸ್ತಾನದಿಂದ ಯಾರೂ ಬಾಡಿಗೆ ಎತ್ತಲಾರರು. ಶೇ 10 ಬಿಡಿ, ಶೇ 1 ಬಂದಿದ್ದರೂ 1,200 ಕೋಟಿ ಆಗುತ್ತಿತ್ತು. ಅಷ್ಟು ಹಣ ಪ್ರತಿ ವರ್ಷ ವಿದ್ಯಾರ್ಥಿವೇತನಕ್ಕೆ, ಹೆರಿಗೆ ಆಸ್ಪತ್ರೆಗೆ, ವಿಧವೆಯರ ಪಿಂಚಣಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

ಯಾಕೆ ಹೀಗಾಯಿತು ಎಂದರೆ ಒತ್ತುವರಿ, ಭ್ರಷ್ಟಾಚಾರ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಎರಡೂ ಇವೆ. ನಗರದ ಮುಖ್ಯ ರಸ್ತೆಯಲ್ಲಿ ತಾತನ ಕಾಲದ ಬಾಡಿಗೆಗೆ ಕೂತ ಅಂಗಡಿಗಳು, ಒಳಬಾಡಿಗೆಗೆ ಕೊಟ್ಟು ಹತ್ತು ಪಟ್ಟು ಎಣಿಸುವ ಬಾಡಿಗೆದಾರರು ನಮಗೆಲ್ಲ ಗೊತ್ತು. ಸಮುದಾಯದ ಪ್ರತಿಷ್ಠಿತರೇ ಹಲವು ಕಡೆ ಇದರ ಫಲಾನುಭವಿಗಳು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಪ್ರಾಮಾಣಿಕ ಮುತವಲ್ಲಿಯ ಕೈಯನ್ನೂ ಕಾನೂನೇ ಕಟ್ಟಿತ್ತು ಎಂಬುದನ್ನು ಹೇಳುವವರು ಕಡಿಮೆ. 1995ರ ಕಾಯ್ದೆ ಮೂರು ವರ್ಷ ಮೀರಿದ ಗುತ್ತಿಗೆಯನ್ನು ಒಪ್ಪುತ್ತಿರಲಿಲ್ಲ. ಮೂರು ವರ್ಷದ ಗುತ್ತಿಗೆ ನಂಬಿ ಯಾರು ತಾನೇ ಕಟ್ಟಡ ಕಟ್ಟಿಯಾರು? ಹೀಗಾಗಿ ಜಾಗ ತಗಡಿನ ಶೆಡ್ಡು, ಪಾರ್ಕಿಂಗ್, ಗುಜರಿ ಅಂಗಡಿಗಳ ಪಾಲಾಯಿತು. 2013ರ ತಿದ್ದುಪಡಿ ವಾಣಿಜ್ಯ, ಶಿಕ್ಷಣ, ಆರೋಗ್ಯದ ಉದ್ದೇಶಕ್ಕೆ ಸರ್ಕಾರದ ಒಪ್ಪಿಗೆಯೊಂದಿಗೆ 30 ವರ್ಷದವರೆಗೆ ಗುತ್ತಿಗೆಗೆ ಅವಕಾಶ ಕೊಟ್ಟಿತು. ಅದೇ ತಿದ್ದುಪಡಿ ಮಾರಾಟ, ದಾನ, ಅಡಮಾನದ ಜೊತೆ ಅದಲುಬದಲನ್ನೂ ಅಸಿಂಧು ಎಂದಿತು. ಕಬಳಿಕೆ ತಡೆಯಲು ಹಾಕಿದ ಬೇಲಿ ಅದು, ಉದ್ದೇಶ ಒಳ್ಳೆಯದೇ. ಆದರೆ ಸಿಂಗಪುರ ಬೀಚ್ ರೋಡಿನಲ್ಲಿ ಮಾಡಿದ್ದನ್ನು ನಮ್ಮ ಮಂಡಳಿ ಮಾಡಹೊರಟರೆ ಅದೇ ಬೇಲಿ ಅಡ್ಡ ಬರುತ್ತದೆ.

ಮಂಡಳಿಗಳ ಸ್ಥಿತಿಯನ್ನೂ ನೋಡಿ. ಮುತವಲ್ಲಿಗಳು ನಿವ್ವಳ ಆದಾಯದ ಶೇ 7ನ್ನು ಮಂಡಳಿಗೆ ಕಟ್ಟಬೇಕಿತ್ತು. ದೇಶದ ಇಡೀ ಆದಾಯ 163 ಕೋಟಿಯೇ ಆದರೆ, ಅಷ್ಟೂ ವಸೂಲಾದರೂ ಎಲ್ಲ ರಾಜ್ಯಗಳ ಮಂಡಳಿಗಳಿಗೆ ಸೇರಿ ಸಿಗುತ್ತಿದ್ದದ್ದು ಹೆಚ್ಚೆಂದರೆ 11 ಕೋಟಿ ಚಿಲ್ಲರೆ. ಇದರಲ್ಲಿ ಸರ್ವೆಯರು, ವಕೀಲರು, ಲೆಕ್ಕಿಗರು, ಎಂಜಿನಿಯರು ಎಲ್ಲರ ಸಂಬಳವಾಗಬೇಕು. 2025ರ ಕಾಯ್ದೆ ಈ ಪಾಲನ್ನು ಶೇ 5ಕ್ಕೆ ಇಳಿಸಿದೆ. ಮುತವಲ್ಲಿಗೆ ಎರಡು ಕಾಸು ಉಳಿಯಿತು, ಸರಿ. ಮಂಡಳಿ ಇನ್ನಷ್ಟು ಸರ್ಕಾರದ ಕೈ ನೋಡುವಂತಾಯಿತು. ಅದೇ ಕಾಯ್ದೆ ಆಸ್ತಿ ವಿವರಗಳನ್ನು ಕೇಂದ್ರದ ಉಮೀದ್ ಪೋರ್ಟಲ್‌ಗೆ ಏರಿಸಬೇಕೆಂದೂ ಹೇಳಿತು. ರಾಜಕೀಯ ಏನೇ ಇರಲಿ, ಆ ಒಂದು ಕೆಲಸ ಸ್ವಾಗತಾರ್ಹ. ಕೊರತೆಯೆಂದರೆ ಚರ್ಚೆ ಅಲ್ಲೂ ಗಡಿ, ದಾಖಲೆ, ಎಕರೆಯ ಸುತ್ತಲೇ ಸುತ್ತುತ್ತಿದೆ.

ನನ್ನ ಅಭಿಪ್ರಾಯದಲ್ಲಿ ಅದಲುಬದಲಿಗೆ ಮತ್ತೆ ಬಾಗಿಲು ತೆರೆಯಬೇಕು, ಆದರೆ ಮಂಡಳಿಯ ಮರ್ಜಿಗೆ ಬಿಟ್ಟಲ್ಲ. ಸ್ವತಂತ್ರ ಮೌಲ್ಯಮಾಪನ, ನ್ಯಾಯಮಂಡಳಿಯ ಅನುಮತಿ, ಸಾರ್ವಜನಿಕ ಆಕ್ಷೇಪಣೆಗೆ ಅವಕಾಶ, ಬದಲಿ ಆಸ್ತಿ ಕೈಗೆ ಬಂದ ಮೇಲಷ್ಟೇ ಹಳೆಯದನ್ನು ಬಿಟ್ಟುಕೊಡುವ ನಿಯಮ ಇರಬೇಕು. ಗುತ್ತಿಗೆ ದೀರ್ಘಾವಧಿಯದ್ದಾದರೂ ಬಾಡಿಗೆ ಕೆಲವು ವರ್ಷಕ್ಕೊಮ್ಮೆ ಪೇಟೆಯ ದರಕ್ಕೆ ಏರಲೇಬೇಕು. ಇಲ್ಲದಿದ್ದರೆ 30 ವರ್ಷದ ಗುತ್ತಿಗೆ ಎಂಬುದು ನಯವಾದ ಕಬಳಿಕೆ.

ಇದಕ್ಕೆಲ್ಲ ಮೊದಲು ಆಗಬೇಕಾದ ಕೆಲಸಕ್ಕೆ ಹೊಸ ಕಾನೂನೂ ಬೇಕಿಲ್ಲ. ಮುತವಲ್ಲಿ ಪ್ರತಿ ವರ್ಷ ಜಮಾಖರ್ಚಿನ ಲೆಕ್ಕ ಕೊಡಬೇಕು, ಅದರ ಲೆಕ್ಕಪರಿಶೋಧನೆ ಆಗಬೇಕು ಎಂದು 1995ರ ಕಾಯ್ದೆಯಲ್ಲೇ ಇದೆ. ಕರ್ನಾಟಕ ವಕ್ಫ್ ಮಂಡಳಿ ಆ ಲೆಕ್ಕಗಳನ್ನು ಜಿಲ್ಲಾವಾರು, ತಾಲ್ಲೂಕುವಾರು, ಕನ್ನಡ ಮತ್ತು ಉರ್ದುವಿನಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟಿಸಲಿ: ಆಸ್ತಿ ಯಾವುದು, ಬಾಡಿಗೆ ಎಷ್ಟು, ಬಾಕಿ ಯಾರದ್ದು, ಖರ್ಚಾಗಿದ್ದು ಯಾವುದಕ್ಕೆ. ಶುಕ್ರವಾರದ ಜುಮಾ ನಮಾಜ್ ಮುಗಿದ ಮೇಲೆ ಆ ಪಟ್ಟಿಯನ್ನು ಆಯಾ ಊರಿನ ಮಸೀದಿಯ ಬಾಗಿಲಲ್ಲೂ ಅಂಟಿಸಲಿ. ಮುಂದಿನ ಲೆಕ್ಕಪತ್ರದ ವರ್ಷದಿಂದಲೇ ಇದು ಶುರುವಾಗಲಿ.